ಸಭೆಗೊಬ್ಬ ಸುಗಮಕಾರ

(ಗ್ರಾಮ ಕಾರ್ಯಕರ್ತರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಗಾಲದ ಆರಂಭದಲ್ಲಿ ಒಂದು ಗ್ರಾಮ ಅರಣ್ಯ ಸಮಿತಿಯ ಸಭೆ ಸೇರಿದೆಯೆಂದು ಭಾವಿಸೋಣ. ವಿಷಯ ಒಂದೇ: ಈ ವರ್ಷ ಉಪ್ಪಾಗೆ ಕೊಯ್ಲನ್ನು ಎಂದಿನಿಂದ ಆರಂಭಿಸಬೇಕು? ಅಧ್ಯಕ್ಷರು ಅರ್ಧ ಗಂಟೆ ಮಾತನಾಡುತ್ತಾರೆ. ಮುಂದಿನ ಸಾಲಿನ ಇಬ್ಬರು ಮೂವರು ದನಿಗೂಡಿಸುತ್ತಾರೆ. ನಡುವೆ ಹಿಂದಿನ ವರ್ಷದ ಲೆಕ್ಕದ ಜಗಳ ತಲೆಯೆತ್ತುತ್ತದೆ. ಬಾಗಿಲ ಬಳಿ ಕುಳಿತ ಹೆಂಗಸರು ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಕೊನೆಗೆ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಯಲಾಗುತ್ತದೆ. ಹದಿನೈದು ದಿನ ಕಳೆಯುವುದರೊಳಗೆ, ಕಾಯಿ ಬಲಿಯುವ ಮೊದಲೇ, ಕಾಡಿನಲ್ಲಿ ದೋಟಿಗಳ ಸದ್ದು ಕೇಳಿಸುತ್ತದೆ.

ಉಪ್ಪಾಗೆಯನ್ನೇ ಉದಾಹರಣೆಯಾಗಿ ಎತ್ತಿಕೊಳ್ಳಲು ಕಾರಣವಿದೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಗಳಿಗಾಗಿ ಹೊರದೇಶಗಳಿಂದ ಬೇಡಿಕೆ ಬಂದು ಅದರ ಸಿಪ್ಪೆಯ ಬೆಲೆ ಏರಿತು. ಎಳೆಗಾಯಿಯನ್ನೇ ಕೊಯ್ಯುವ, ಕೊಂಬೆಯನ್ನೇ ಕಡಿಯುವ ಪೈಪೋಟಿ ಘಟ್ಟದ ಹಲವೆಡೆ ಹುಟ್ಟಿತು. ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂಬ ಶಂಕೆಯೇ ಇದರ ಬೇರು. ಈ ಶಂಕೆಯನ್ನು ಕಳೆಯಲು ಅರಣ್ಯ ಕಾವಲುಗಾರನಿಂದಾಗದು. ಎಲ್ಲರೂ ಮನಸಾರೆ ಒಪ್ಪಿದ ದಿನಾಂಕವೊಂದು ಬೇಕು. ಮೌನವನ್ನೇ ಸಮ್ಮತಿಯೆಂದು ಎಣಿಸುವ ಸಭೆ ಅಂತಹ ದಿನಾಂಕವನ್ನು ಕೊಡಲಾರದು.

ಇಲ್ಲಿ ಅಧ್ಯಕ್ಷರ ಸ್ವಭಾವವನ್ನು ದೂಷಿಸಿ ಫಲವಿಲ್ಲ. ಅವರೂ ಉಪ್ಪಾಗೆ ಕೊಯ್ಯುವವರೇ. ಅವರಿಗೊಂದು ಅಭಿಪ್ರಾಯವಿರುವುದು ಸಹಜ. ಆದರೆ ಯಾರು ಮಾತನಾಡಬೇಕು, ಎಷ್ಟು ಹೊತ್ತು, ಚರ್ಚೆ ಎಲ್ಲಿಗೆ ಮುಗಿಯಬೇಕು ಎಂಬುದನ್ನೂ ಅವರೇ ನಿರ್ಧರಿಸಿದರೆ, ಸರಕು ಕೊಳ್ಳುವವನೇ ತಕ್ಕಡಿ ಹಿಡಿದಂತಾಗುತ್ತದೆ. ಅಮೆರಿಕದ ಮೈಕೆಲ್ ಡಾಯ್ಲ್ ಮತ್ತು ಡೇವಿಡ್ ಸ್ಟ್ರಾಸ್ 1976ರಲ್ಲಿ ಸಭೆಗಳ ಕುರಿತು ಬರೆದ ಪುಸ್ತಕದಲ್ಲಿ ಈ ಎರಡು ಹೊಣೆಗಳನ್ನು ಬೇರ್ಪಡಿಸಿದರು. ನಿರ್ಣಯದ ಅಧಿಕಾರ ಅಧ್ಯಕ್ಷರಲ್ಲೇ, ಸಮಿತಿಯಲ್ಲೇ ಉಳಿಯುತ್ತದೆ. ಚರ್ಚೆಯನ್ನು ನಡೆಸುವ ಕೆಲಸ ಮಾತ್ರ, ವಿಷಯದ ಬಗ್ಗೆ ತನ್ನ ಅಭಿಪ್ರಾಯ ಹೇಳದ ಇನ್ನೊಬ್ಬರಿಗೆ ಸೇರುತ್ತದೆ. ಕನ್ನಡದಲ್ಲಿ ಅವರನ್ನು ಸುಗಮಕಾರರೆಂದೂ ಅನುವುಗಾರರೆಂದೂ ಕರೆಯುವ ರೂಢಿಯಿದೆ. ಆಡಿದ ಮಾತುಗಳನ್ನು ಎಲ್ಲರಿಗೂ ಕಾಣುವಂತೆ ದೊಡ್ಡ ಹಾಳೆಯಲ್ಲಿ ಬರೆಯುವ ಮತ್ತೊಬ್ಬರೂ ಇರಬೇಕೆಂದು ಆ ಲೇಖಕರು ಸೂಚಿಸಿದರು. ನಮ್ಮ ನಡಾವಳಿ ಪುಸ್ತಕ ಬರೆಯುವವರ ಮಡಿಲಲ್ಲಿರುತ್ತದೆ. ಏನು ದಾಖಲಾಯಿತೆಂದು ಉಳಿದವರಿಗೆ ತಿಳಿಯುವುದು ತಡವಾಗಿ, ಕೆಲವೊಮ್ಮೆ ತಿಳಿಯುವುದೇ ಇಲ್ಲ.

ಓದುಬರಹವಿಲ್ಲದವರಿಗೆ ಹಾಳೆಯಿಂದ ಏನು ಪ್ರಯೋಜನವೆಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕರ್ನಾಟಕದಲ್ಲೇ ಇದೆ. 1980ರ ದಶಕದ ಕೊನೆಯಿಂದ ಮೈರಾಡ ಸಂಸ್ಥೆಯ ಕಾರ್ಯಕರ್ತರು ಹಳ್ಳಿಗರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸಿ, ಬೀಜ ಕಲ್ಲುಗಳಿಂದ ಲೆಕ್ಕ ಹಾಕಿಸುವ ಸಹಭಾಗಿತ್ವದ ವಿಧಾನವನ್ನು ಬೆಳೆಸಿದರು. ನಕ್ಷೆ ಬರೆಯುವ ಕೋಲು ಅಧಿಕಾರಿಯ ಕೈಯಿಂದ ಹಳ್ಳಿಗರ ಕೈಗೆ ದಾಟಬೇಕೆಂಬುದು ಈ ವಿಧಾನದ ಪ್ರತಿಪಾದಕ ರಾಬರ್ಟ್ ಚೇಂಬರ್ಸ್ ಅವರ ಒತ್ತಾಯವಾಗಿತ್ತು.

ಉಪ್ಪಾಗೆಯ ಸಭೆಯಲ್ಲಿ ಸುಗಮಕಾರ ಹೀಗೆ ನಡೆದುಕೊಳ್ಳಬಹುದು. ಹಾಲು ಕರೆಯುವ ಹೊತ್ತನ್ನು ಬಿಟ್ಟು ಸಭೆಯ ವೇಳೆ ಗೊತ್ತುಪಡಿಸುವುದು, ವೃತ್ತಾಕಾರವಾಗಿ ಕೂರಿಸುವುದು. ನೆಲದ ಮೇಲೆ ನಾಲ್ಕು ವಾರಗಳಿಗೆ ನಾಲ್ಕು ಮನೆ ಬರೆದು, ಪ್ರತಿಯೊಬ್ಬರೂ ಒಂದೊಂದು ಹುಣಸೆ ಬೀಜವನ್ನು ತಮಗೆ ಸರಿತೋರಿದ ಮನೆಯಲ್ಲಿಡುವಂತೆ ಕೇಳುವುದು. ಬೀಜಕ್ಕೆ ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ. ಆಮೇಲೆ ಕಡಿಮೆ ಬೀಜ ಬಿದ್ದ ಮನೆಯಿಂದಲೇ ಕಾರಣ ಕೇಳಲಾರಂಭಿಸಬೇಕು. ಉಪ್ಪಾಗೆ ಬಲಿಯುವುದು ಮಳೆಯಲ್ಲಿ; ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸದೆ ಗತ್ಯಂತರವಿಲ್ಲ. ಯಾರ ಮನೆಯಲ್ಲಿ ಎಷ್ಟು ಒಣ ಸೌದೆಯಿದೆ, ಒಲೆಗೆ ಒಂದು ದಿನಕ್ಕೆ ಎಷ್ಟು ಸಿಪ್ಪೆ ಹಿಡಿಸುತ್ತದೆ ಎಂಬುದು ಒಲೆಯ ಮುಂದೆ ಕೂರುವ ಹೆಂಗಸರಿಗೆ ಗೊತ್ತು. ಅವರ ಮಾತಿಲ್ಲದೆ ನಿಶ್ಚಯಿಸಿದ ದಿನಾಂಕ ಅರ್ಧ ಕುರುಡು. ಹಳೆಯ ಲೆಕ್ಕದ ಜಗಳ ಎದ್ದರೆ ಅದನ್ನು ಹತ್ತಿಕ್ಕದೆ, ಪ್ರತ್ಯೇಕ ಹಾಳೆಯಲ್ಲಿ ಬರೆದು ಅದಕ್ಕೊಂದು ದಿನ ನಿಗದಿಪಡಿಸಬೇಕು. ಒಪ್ಪದವರನ್ನು ‘ಏಕೆ ಒಪ್ಪುವುದಿಲ್ಲ’ ಎಂದು ಕೆಣಕುವುದಕ್ಕಿಂತ ‘ಏನು ಬದಲಾದರೆ ಒಪ್ಪುವಿರಿ’ ಎಂದು ಕೇಳುವುದು ಲೇಸು. ಸಹಿಗೆ ಮುನ್ನ ನಿರ್ಣಯವನ್ನು ಗಟ್ಟಿಯಾಗಿ ಓದಲೇಬೇಕು.

ಈ ಕೆಲಸಕ್ಕೆ ಆ ಕಾಡಿನ ಕಾಯಿಯಲ್ಲಿ ಪಾಲಿಲ್ಲದವರು ಬೇಕು. ನೆರೆಯೂರಿನ ಶಿಕ್ಷಕಿ ಆಗಬಹುದು. ತರಬೇತಿ ಪಡೆದ ವಿದ್ಯಾರ್ಥಿಯೂ ಆಗಬಹುದು. ಎರಡು ಊರುಗಳು ಪರಸ್ಪರ ವಿನಿಮಯ ಮಾಡಿಕೊಂಡರೆ ಖರ್ಚೂ ಇಲ್ಲ. ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ಈ ಕೆಲಸಕ್ಕೆ ಒದಗುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಅಭ್ಯಾಸ ಅವರಿಗಿರುತ್ತದೆ.

ಒಂದು ಎಚ್ಚರಿಕೆ ಅಗತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಗ್ರಾಮಸಭೆಯ ಕೋರಂಗೆ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಹಾಜರಾದವರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು. ಕೋರಂ ತಲೆಗಳನ್ನು ಎಣಿಸುತ್ತದೆ, ದನಿಗಳನ್ನಲ್ಲ. ಬೇರೆಲ್ಲೋ ಆಗಿಹೋದ ತೀರ್ಮಾನಕ್ಕೆ ಜನಾಭಿಪ್ರಾಯದ ಮುದ್ರೆ ಒತ್ತಲು ಸಭೆ ಕರೆಯುವುದೂ ಉಂಟು. ಅಲ್ಲಿ ಸುಗಮಕಾರ ಎಷ್ಟು ಜಾಣನೋ ಅಷ್ಟೇ ಅಪಾಯಕಾರಿ. ಆದ್ದರಿಂದ ಕರೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಸಭೆ ಬೇಡವೆಂದರೆ ಯೋಜನೆ ನಿಲ್ಲುವುದೇ? ಇಲ್ಲವೆಂಬ ಉತ್ತರ ಬಂದರೆ, ಅದನ್ನು ಜನರೆದುರು ಹೇಳಿಸಿ, ಇದು ಮಾಹಿತಿ ಸಭೆಯೇ ಹೊರತು ಒಪ್ಪಿಗೆಯ ಸಭೆಯಲ್ಲವೆಂದು ನಡಾವಳಿಯ ಮೊದಲ ಸಾಲಿನಲ್ಲೇ ಬರೆಸಬೇಕು. ಬರೆಯಲು ನಿರಾಕರಿಸಿದರೆ ಸುಗಮಕಾರ ಆ ಸಭೆಯನ್ನು ನಡೆಸಿಕೊಡಬಾರದು.