ಏರ್ ಗನ್ನಿಗೆ ಯಾವ ಗುಂಡು?

ಬಂಗಾರಪೇಟೆ–ಕೆ.ಜಿ.ಎಫ್. ದಾರಿಯ ಹಳ್ಳಿಯೊಂದರಲ್ಲಿ ರೈತರೊಬ್ಬರು ಕೇಳಿದರು: “ಸ್ವಾಮಿ, ಅವರೆ ಚಿಗುರನ್ನೆಲ್ಲಾ ಮೊಲ ತಿಂತಾ ಇದೆ. ಏರ್ ಗನ್ನಿಗೆ ಯಾವ ಗುಂಡು ಹಾಕಲಿ?”

ಮೊಲ, ಕೌಜುಗಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಅವಕ್ಕೆ ಯಾವ ಗುಂಡೂ ಬೇಡ. ಬೇಲಿಯ ಬುಡಕ್ಕೆ ಮುಳ್ಳನ್ನು ಒತ್ತಾಗಿ ಕಟ್ಟಿ.

ರಾಗಿ ತಿನ್ನುವ ಹೆಗ್ಗಣಕ್ಕಾದರೆ ಮಾತು ಬೇರೆ. ನಳಿಗೆ 4.5 ಮಿಲಿಮೀಟರಿನದಾದರೆ ಗುಂಡೂ ಅದೇ ಅಳತೆಯದಿರಲಿ. ಹತ್ತಿರಕ್ಕೆ ಚಪ್ಪಟೆ ಮೂತಿಯದು ಸಾಕು. ದೂರಕ್ಕೆ ದುಂಡು ಮೂತಿಯದು ಗುರಿ ತಪ್ಪುವುದು ಕಡಿಮೆ. ಕಲ್ಲುಗೋಡೆಯ ಕಡೆಗೆ ಹೊಡೆಯಬೇಡಿ, ಗುಂಡು ಸಿಡಿದು ವಾಪಸು ಬಂದೀತು.

ಸಾಮಾನ್ಯವಾಗಿ ಈ ಗುಂಡು ಸೀಸದ್ದು, ಸೀಸ ವಿಷ. ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ. ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂಡಿ. ಸತ್ತ ಹೆಗ್ಗಣವನ್ನು ನಾಯಿ, ಗೂಬೆ ತಿನ್ನದಂತೆ ಆಳವಾಗಿ ಹೂಳಿ. ಗೂಬೆಗೆ ಮಾತ್ರ ಗುರಿಯಿಡಬೇಡಿ. ಕೂಲಿ ಕೇಳದೆ ಇಲಿ ಹಿಡಿಯುವ ಕಾವಲುಗಾರ ಅದು.