ಹಗುರ ಫ್ಲೈವೀಲಿನ ವಿಚಾರ



ಇರುಂಗಾಟ್ಟುಕೋಟ್ಟೈಯ ಕಾರು ಪಂದ್ಯ ನೋಡಿ ಬಂದ ತರುಣರು, ಹಳೆಯ ಎರಕದ ಫ್ಲೈವೀಲನ್ನೇ ಲೇತಿಗೆ ಹಾಕಿ ಹಗುರ ಮಾಡಿಕೊಡಿ ಎಂದು ಕೇಳುವುದುಂಟು. ದಯವಿಟ್ಟು ಒಪ್ಪಬೇಡಿ. ಸುತ್ತಿನ ವೇಗ 6000ದಿಂದ 7200ಕ್ಕೆ, ಅಂದರೆ ನೂರಕ್ಕೆ 20ರಷ್ಟು ಏರಿದರೆ, ಚಕ್ರವನ್ನು ಸೀಳುವ ಬಲ 44ರಷ್ಟು ಏರುತ್ತದೆ. ಎರಕದ ಕಬ್ಬಿಣ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ. ಬಾನೆಟ್ಟಿನ ಮೇಲೆ ಬಗ್ಗಿ ಎಂಜಿನ್ ರೇಸ್ ಮಾಡಿ ನೋಡುವವರು ನಾವೇ ತಾನೆ!

ಪುದುಪೇಟೆಯಲ್ಲಿ ಕೊಳ್ಳುವುದಾದರೆ ಉಕ್ಕಿನದನ್ನು, ಎಸ್‌ಎಫ್‌ಐ 1.1 ಗುರುತು ನೋಡಿ ಕೊಳ್ಳಿ. ಗುರುತಿದ್ದರೂ ಬೋಲ್ಟಿನ ತೂತು, ರಿಂಗ್ ಗೇರಿನ ಹಲ್ಲು, ಕ್ಲಚ್ಚು ಕೂರುವ ಎತ್ತರ ಹಳೆಯದರೊಡನೆ ತಾಳೆಯಾಗಬೇಕು. ಅರ ಹಿಡಿದು ತೂತು ಹಿಗ್ಗಿಸಿದರೆ ಚಕ್ರ ನಡುತಪ್ಪಿ ಸುತ್ತುತ್ತದೆ. ಬ್ಯಾಲೆನ್ಸ್ ಮಾಡಿಸಲು ಗಿರಾಕಿ ಹಣ ಕೊಡನೆಂದರೆ, ಹಳೆಯ ಚಕ್ರವನ್ನೇ ಕೂರಿಸಿ ಗಾಡಿ ಕಳುಹಿಸಿ.