ಗೋಮಾಳದ ಹುಲ್ಲಿನಲ್ಲಿ ಎಲ್ಲರಿಗೂ ಪಾಲು
(ಸದಸ್ಯ ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಮೇವಿನ ಮಾತೆತ್ತಿದಾಗಲೆಲ್ಲ ನೀವು ಕೇಳುವುದು ಒಂದೇ: "ಡಾಕ್ಟ್ರೇ, ಹುಲ್ಲು ಬೆಳೆಯೋಕೆ ಜಮೀನೆಲ್ಲಿದೆ?" ಜಮೀನಿದೆ, ಊರಿನ ಗೋಮಾಳ. 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಕಾಯ್ದಿರಿಸಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳಲ್ಲಿಯೇ ಇದೆ. ಒತ್ತುವರಿಯಾಗಿ ಉಳಿದ ತುಂಡಿನಲ್ಲಿ ಲಂಟಾನ ಬೆಳೆದಿದೆ, ಅದು ಬೇರೆ ಮಾತು.

ಹರಿಯಾಣದ ಶಿವಾಲಿಕ್ ಬೆಟ್ಟದ ತಪ್ಪಲಿನಲ್ಲಿ ಸುಖೋಮಾಜ್ರಿ ಎಂಬ ಸಣ್ಣ ಹಳ್ಳಿಯಿದೆ. ಆಡು, ದನ ಮೇದು ಅಲ್ಲಿನ ಗುಡ್ಡ ಬೋಳಾಗಿತ್ತು. ಮಳೆಗೆ ಕೊಚ್ಚಿದ ಮಣ್ಣು ಚಂಡೀಗಢದ ಸುಖ್ನಾ ಕೆರೆಯಲ್ಲಿ ಹೂಳಾಗಿ ನಿಂತಿತು. ಹೂಳಿನ ಮೂಲ ಹುಡುಕಿಕೊಂಡು ಬಂದವರು ಮಣ್ಣು ಸಂರಕ್ಷಣಾ ತಜ್ಞ ಪಿ.ಆರ್. ಮಿಶ್ರಾ. 1976ರಲ್ಲಿ ಅಲ್ಲಿ ಮೊದಲ ಮಣ್ಣಿನ ಒಡ್ಡು ಕಟ್ಟಲಾಯಿತು. ನೀರು ಬಂತು, ಆದರೆ ಹೊಲವಿದ್ದ ಕೆಲವರಿಗೆ ಮಾತ್ರ. ಮಿಕ್ಕವರು ತಮ್ಮ ಆಡನ್ನು ಯಾಕೆ ಕಟ್ಟಿಹಾಕಬೇಕು, ಹೇಳಿ? ಕೊನೆಗೆ ಜಮೀನಿರಲಿ, ಇಲ್ಲದಿರಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು ಎಂದು ತೀರ್ಮಾನವಾಯಿತು. ಜಮೀನಿಲ್ಲದವರು ತಮ್ಮ ಪಾಲನ್ನು ಮಾರಿಕೊಳ್ಳಬಹುದಿತ್ತು. ಆಮೇಲೆ ಗುಡ್ಡಕ್ಕೆ ಮುಳ್ಳುಬೇಲಿ ಬೇಕಾಗಲಿಲ್ಲ, ಊರೇ ಕಾವಲು ನಿಂತಿತು. ಹುಲ್ಲು ಚಿಗುರಿತು. ಕೊಯ್ದು ತಂದು ಕೊಟ್ಟಿಗೆಯಲ್ಲಿ ಹಾಕುವ ರೂಢಿ ಬಂತು. ಆಡುಗಳು ಕಡಿಮೆಯಾಗಿ ಎಮ್ಮೆಗಳು ಹೆಚ್ಚಿದವು, ಹಾಲೂ ಹೆಚ್ಚಿತು.

ನಮ್ಮ ಸಂಘಗಳಲ್ಲಿ ಒಂದೇ ಹಸು ಕಟ್ಟಿ, ದಿನಕ್ಕೆ ಮೂರು ಲೀಟರ್ ಹಾಲು ಹಾಕುವ, ಜಮೀನಿಲ್ಲದ ತಾಯಂದಿರಿದ್ದಾರೆ. ಗೋಮಾಳ ಮುಚ್ಚಿದರೆ ಮೊದಲು ಹಸು ಮಾರುವವರು ಅವರೇ. ಆದ್ದರಿಂದ ಬೇಲಿಗೆ ಮುಂಚೆ ಹುಲ್ಲಿನ ಪಾಲು ಗೊತ್ತುಮಾಡಿ. ಪಾಲು ಮನೆಯ ಲೆಕ್ಕದಲ್ಲಿರಲಿ, ರಾಸಿನ ಲೆಕ್ಕ ಬೇಡ. ರಾಸಿನ ಲೆಕ್ಕ ಹಿಡಿದರೆ ಹತ್ತು ಹಸು ಇದ್ದವರ ಕೊಟ್ಟಿಗೆಗೇ ಹುಲ್ಲೆಲ್ಲ ಹೋಗುತ್ತದೆ. ಇದಕ್ಕೆ ನಿಮ್ಮಲ್ಲಿ ಕೆಲವರು ಒಪ್ಪಲಿಕ್ಕಿಲ್ಲ, ಗೊತ್ತು. ಕುರಿ ಸಾಕುವವರನ್ನು ಬಿಟ್ಟು ಸಭೆ ಮಾಡಲೇಬೇಡಿ.

ಗೋಮಾಳ ಸರ್ಕಾರದ ಜಮೀನು, ಸಂಘದ್ದಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆಯಿರಿ. ಮೊದಲ ವರ್ಷ ಕಾಲು ಭಾಗ ಮಾತ್ರ ಮುಚ್ಚಿ, ಉಳಿದದ್ದು ಎಂದಿನಂತೆ ಮೇಯಲಿ. ಮುಚ್ಚಿದ ಭಾಗಕ್ಕೆ ಮುಂಗಾರಿನಲ್ಲಿ ಸ್ಟೈಲೋ ಬೀಜ ಚೆಲ್ಲಿ. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ರಾತ್ರಿ ತಣ್ಣೀರಿನಲ್ಲಿ ನೆನೆಸಿ ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ. ಮೊದಲ ವರ್ಷ ಬೆಳವಣಿಗೆ ನಿಧಾನ. ಕುಡುಗೋಲು ಹಾಕುವ ಮುನ್ನ ಬೀಜ ಉದುರಲು ಬಿಡಿ.